ಕಮಲಿಯ ಹಿಮ್ಮಡಿ, ಅಕ್ಕನ ತುಪ್ಪ

ಕಾಲು ಉಳುಕಿದೆ ಎಂದು ಮಗುವನ್ನು ಕರೆದುಕೊಂಡು ಹೋದರೆ, ಆ ಮಗುವಿನ ಅಪ್ಪ ಯಾಕೆ ಸತ್ತ ಎಂದು ಹೇಳುವ ಡಾಕ್ಟರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಅದೂ ನಮ್ಮ ಮೂಡಿಗೆರೆಯಲ್ಲಿ.

ಕಮಲಿ ನನ್ನ ಅಕ್ಕನ ಮೊಮ್ಮಗಳು. ಹತ್ತು ವರ್ಷದವಳು, ವಸ್ತಾರೆಯ ಹುಡುಗಿ. ಬೇಸಿಗೆ ರಜಕ್ಕೆ ಬಣಕಲ್ಲಿನ ನಮ್ಮ ಮನೆಗೆ ಬಂದಿದ್ದಳು. ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಅಲ್ಲಿ ಓಡಿ, ಬಿದ್ದು, ಕಾಲು ಉಳುಕಿಸಿಕೊಂಡಳು. ಪೆಟ್ರೋಲು ಸಿಗದ ಈ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹತ್ತಿಸಿ ಮೂಡಿಗೆರೆಗೆ ಕರೆದೊಯ್ದೆ. (ಆ ಬಸ್ಸಿನ ಬಗ್ಗೆ ಹಿಂದೊಮ್ಮೆ ಬರೆದು ಬೈಸಿಕೊಂಡಿದ್ದೇನೆ. ಮತ್ತೆ ಬೇಡ.)

ಡಾಕ್ಟರು ಹೊಸಬರು. ಯುದ್ಧದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದವರು, ಇನ್ನೂ ಸಣ್ಣ ವಯಸ್ಸು. ಉಳುಕಿದ ಪಾದವನ್ನು ತಿರುಗಿಸಿ ನೋಡಿ, ‘ಇದೇನಿಲ್ಲ, ಪಟ್ಟಿ ಕಟ್ಟಿದ್ರೆ ಸಾಕು’ ಎಂದರು. ಆದರೆ ಕಾಲು ಬಿಡಲಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ನರವನ್ನು ಹಿಡಿದು ಒತ್ತಿದರು. ಇನ್ನೊಂದು ಕಾಲಿನದನ್ನೂ ಒತ್ತಿದರು. ಎರಡೂ ಗಂಟುಗಟ್ಟಿದಂತೆ ಊದಿಕೊಂಡಿದ್ದವು. ಆಮೇಲೆ ಮೊಣಕೈ ಮಡಚಿಸಿ, ಅಲ್ಲಿದ್ದ ಹಳದಿ ಗಂಟುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಉಳುಕಿದ್ದು ಕಾಲು, ನೋಡುವುದು ಕೈ. ಫೀಸು ಜಾಸ್ತಿ ಮಾಡಲಿಕ್ಕೆ ಇರಬೇಕು ಎಂದುಕೊಂಡೆ.

‘ಇವಳ ತಂದೆ ಏನು ಮಾಡ್ತಾರೆ ಗೌಡ್ರೆ?’

‘ತೀರಿಕೊಂಡ. ತೋಟದ ಏರು ಹತ್ತುವಾಗ ಎದೆ ಹಿಡ್ಕೊಂಡು ಕೂತ. ಮತ್ತೆ ಏಳ್ಲಿಲ್ಲ.’

‘ವಯಸ್ಸು?’

‘ಮೂವತ್ತೆರಡು.’

‘ಅವರ ತಂದೆ?’

ಅವರು ನನ್ನ ಭಾವ. ಅವರೂ ಹಾಗೆಯೇ ಹೋದರು, ನಲವತ್ತು ತುಂಬುವ ಮೊದಲು. ಹೇಳಿದೆ.

‘ಅವರಿಬ್ಬರಿಗೂ ಮೊಣಕೈಯಲ್ಲಿ ಇಂಥ ಗಂಟು ಇತ್ತಾ?’

ಇತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಆ ಮನೆತನದ ಮುದ್ರೆ ಎನ್ನುತ್ತಿದ್ದರು. ಇತ್ತು ಎಂದೆ.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ‘ರಕ್ತದಲ್ಲಿ ಒಂದು ಥರದ ಕೊಬ್ಬಿರುತ್ತೆ, ಕೊಲೆಸ್ಟರಾಲ್ ಅಂತ. ಎಲ್ಲರಿಗೂ ಇರುತ್ತೆ. ಕೆಲವು ಮನೆತನಗಳಲ್ಲಿ ಹುಟ್ಟುತ್ತಲೇ ಜಾಸ್ತಿ. ಅಪ್ಪನಿಂದ ಮಗುವಿಗೆ ಬರುತ್ತೆ. ನಿಮ್ಮ ಕಾಫಿ ಹಣ್ಣು ಸುಲಿಯೋ ಪಲ್ಪರಿಗೆ ನೀರು ಬರೋ ಪೈಪಿನ ಒಳಗೆ ಪಾಚಿ ಕಟ್ಟಲ್ವಾ? ಹಾಗೆ ರಕ್ತನಾಳದ ಒಳಗೋಡೆಗೆ ಕಟ್ಟುತ್ತೆ. ಮೊಣಕೈಯ ಈ ಗಂಟು, ಹಿಮ್ಮಡಿಯ ಈ ಊತ, ಎಲ್ಲ ಅದೇ ಕೊಬ್ಬು. ವಯಸ್ಸಾದ ಮೇಲಲ್ಲ ಗೌಡ್ರೆ, ಮಕ್ಕಳಾಗಿರುವಾಗಲೇ ಶುರು.’ ಆಸ್ಪತ್ರೆಯಲ್ಲಿ ಇಂಥದೇ ಹಿಮ್ಮಡಿಯ ಒಬ್ಬ ಸಿಪಾಯಿಯನ್ನು ನೋಡಿದ್ದರಂತೆ. ಗುಂಡು ತಾಗಿ ಸಾಯಲಿಲ್ಲ ಅವನು, ಎದೆನೋವಿನಿಂದ ಸತ್ತನಂತೆ.

‘ಮದ್ದು?’ ಎಂದೆ.

‘ಇನ್ನೂ ಇಲ್ಲ. ತುಪ್ಪ, ಬೆಣ್ಣೆ, ಮೊಟ್ಟೆ, ಹಂದಿಯ ಕೊಬ್ಬು ಬಿಡಿಸಿ. ಅದರಿಂದ ಎಷ್ಟು ತಡೆಯುತ್ತೋ ನನಗೂ ಗೊತ್ತಿಲ್ಲ. ನಿಮಗೆ ಸುಳ್ಳು ಹೇಳಲ್ಲ.’

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನನ್ನ ಜನ್ಮದಲ್ಲಿ ಅದೇ ಮೊದಲು ಕಂಡದ್ದು. ಆ ಪುಣ್ಯಾತ್ಮ ಬರೀ ಪಟ್ಟಿ ಕಟ್ಟಿ ಕಳಿಸಬಹುದಿತ್ತಲ್ಲ? ಕಳಿಸಲಿಲ್ಲ. ಕಮಲಿಯ ರಕ್ತ ಟೆಸ್ಟಿಗೆಂದು ಮದರಾಸಿಗೆ ಹೋಯಿತು. ಅವರು ಹೇಳಿದ್ದೇ ನಿಜವಾಯಿತು. ಅವರ ಋಣ ನನ್ನ ಮೇಲಿದೆ.

ಆದರೆ ಅಕ್ಕನಿಗೆ ಹೇಳುವವರು ಯಾರು?

ನಿಮಗೆ ನನ್ನ ಪುಟ್ಟಮ್ಮಕ್ಕನ ಪರಿಚಯವಿಲ್ಲ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ ಸುರಿಯುವವಳು. (ಸ್ವಾನುಭವ. ಬಿಸಿ ತುಪ್ಪ.) ಮಗ ಹೋದ ಮೇಲೆ ಅಕ್ಕ ಕಲ್ಲಿನಂತೆ ಕೂತುಬಿಟ್ಟಿದ್ದಳು. ಕಮಲಿಯ ಮೊಣಕೈಯಲ್ಲಿ ಆ ಗಂಟು ಕಂಡ ದಿನವೇ ಅವಳು ಅತ್ತದ್ದು, ಅದೂ ಸಂತೋಷಕ್ಕೆ. ‘ನನ್ ಮಗ ಎಲ್ಲೂ ಹೋಗಿಲ್ಲ, ಇಲ್ಲೇ ಅವ್ನೆ’ ಎಂದು. ಅವತ್ತಿನಿಂದ ಮಗನ ಪಾಲಿನ ತುಪ್ಪವೂ ಮೊಮ್ಮಗಳ ಎಲೆಗೇ ಬೀಳತೊಡಗಿತು.

ವಸ್ತಾರೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ಸಿಟ್ಟಾಗಲಿಲ್ಲ. ಸಿಟ್ಟಾಗಿ ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

‘ಹಂಗಾರೆ ನನ್ ಮಗನ್ನ ನಾನೇ ತಿನ್ಸಿ ತಿನ್ಸಿ ಕೊಂದ್ನಾ ತಮ್ಮಯ್ಯ?’

‘ಹಂಗಲ್ಲ ಅಕ್ಕ. ಅದು ಹುಟ್ಟುತ್ಲೇ ಬಂದಿದ್ದು. ನೀನು ಗಂಜಿ ಹಾಕಿ ಸಾಕಿದ್ರೂ ಇರ್ತಿತ್ತು.’

ಕಮಲಿಯ ಅಮ್ಮ ಗಿರಿಜ ಬಂದು ಪಕ್ಕದಲ್ಲಿ ಕೂತಳು. ಅತ್ತೆಯ ಕೈ ಹಿಡಿದು, ‘ಇವಳನ್ನಾದ್ರೂ ಉಳಿಸ್ಕೊಳ್ಳೋಣ ಅತ್ತೆ’ ಎಂದಳು. ಗಂಡನನ್ನು ಕಳೆದುಕೊಂಡ ಆ ಹುಡುಗಿ ಅತ್ತೆಯ ಮೇಲೆ ಒಂದು ಮಾತು ಎತ್ತಲಿಲ್ಲ. ಅವಳಿಗೂ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮನೆಯೊಳಗೆ ತುಪ್ಪ ಬಿಡಿಸುವುದು ಕಷ್ಟವಾಗಲಿಲ್ಲ. ನಾಲ್ಕು ಜನರ ಮುಂದೆ? ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಬಿಟ್ಟರೆ ಅದು ಪಂಕ್ತಿಭೇದ. ಅದಕ್ಕಾಗಿ ಎಲೆ ಬಿಟ್ಟು ಎದ್ದು ಹೋದವರಿದ್ದಾರೆ, ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಂಡಿರಾ? ನೆಂಟರ ಮನೆಯ ಮದುವೆಯೊಂದರಲ್ಲಿ ಮೊದಲೇ ಹೇಳಿಟ್ಟಿದ್ದರಿಂದ ಬಡಿಸುವವರು ತುಪ್ಪ ಹಾಕದೆ ಕಮಲಿಯ ಎಲೆ ದಾಟಿ ಹೋದರಂತೆ. ಪಕ್ಕದ ಹುಡುಗಿ, ‘ನಿಂಗ್ಯಾಕೆ ಹಾಕ್ಲಿಲ್ಲ? ನಿಂಗೇನು ರೋಗನಾ?’ ಎಂದು ಕೇಳಿದಳಂತೆ. ಅವತ್ತಿನಿಂದ ಕಮಲಿ ಸಾಲಿನಲ್ಲಿ ಕೂರುವುದನ್ನೇ ಬಿಟ್ಟಳು. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆಯಲ್ಲಿ ಅಮ್ಮನ ಜೊತೆ ತಿನ್ನುತ್ತಿದ್ದಳು.

ಕಳೆದ ವಾರ ಅಕ್ಕನ ಮನೆಯಲ್ಲಿ ಹೊಸಕ್ಕಿ ಊಟ. ಈ ವರ್ಷದ ಭತ್ತದ ಮೊದಲ ಅನ್ನ. ನೆಂಟರು, ಅಕ್ಕಪಕ್ಕದ ತೋಟದವರು ಎಲ್ಲ ಸೇರಿದ್ದರು. ಜಗಲಿಯುದ್ದಕ್ಕೂ ಎಲೆ ಹಾಕಿತ್ತು. ಅಕ್ಕ ಅಡಿಗೆಮನೆಗೆ ಹೋಗಿ, ಕಮಲಿಯನ್ನು ಕೈ ಹಿಡಿದು ಕರೆತಂದು ನನ್ನ ಪಕ್ಕ ಕೂರಿಸಿದಳು. ಮಗು ತಲೆ ಎತ್ತಲಿಲ್ಲ.

ಅನ್ನ ಬಂತು. ತೊವ್ವೆ ಬಂತು. ಇನ್ನು ತುಪ್ಪ. ಸಾಲಿಗೆ ಸಾಲೇ ಅನ್ನದ ನಡುವೆ ಗುಳಿ ತೋಡಿಕೊಂಡು ಕಾಯುತ್ತಿತ್ತು. (ನನ್ನ ಗುಳಿ ಎಲ್ಲರದಕ್ಕಿಂತ ದೊಡ್ಡದು, ಒಪ್ಪುತ್ತೇನೆ.) ಪಕ್ಕಕ್ಕೆ ನೋಡಿದೆ. ಕಮಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದಳು. ಬಡಿಸುವವರು ದಾಟಿ ಹೋಗುವ ಮೊದಲು ತಾನೇ ಬೇಡ ಎಂದುಬಿಡೋಣ ಅಂತ. ಹತ್ತು ವರ್ಷದ ಮಗು.

ಅಕ್ಕ ಬಂದಳು. ಕೈಯಲ್ಲಿ ತುಪ್ಪದ ಮಿಳ್ಳೆ ಇರಲಿಲ್ಲ.

‘ಊಟ ಮಾಡಿ ಎಲ್ಲ’ ಎಂದಳು.

ಮೊದಲ ಎಲೆಯಲ್ಲಿ ಕೂತಿದ್ದ ಹಿರಿಯ ನೆಂಟರೊಬ್ಬರು ಊಟದ ವಿಷಯದಲ್ಲಿ ಬಲು ಕಟ್ಟುನಿಟ್ಟು. ‘ತುಪ್ಪ ಮರ್ತ್ಯಾ ಪುಟ್ಟಮ್ಮ?’ ಎಂದರು.

‘ಮರ್ತಿಲ್ಲ ಮಾವ. ಈ ಸಾಲಿಗೆ ಇವತ್ತು ತುಪ್ಪ ಇಲ್ಲ.’

‘ಹೊಸಕ್ಕಿ ಊಟಕ್ಕೆ ತುಪ್ಪ ಇಲ್ಲ ಅಂದ್ರೆ ಜನ ಏನಂತಾರೆ ಮಾರಾಯ್ತಿ?’

‘ಏನಾರೂ ಅನ್ಲಿ. ಗಂಡಂಗೂ ಬಡಿಸ್ದೆ, ಮಗಂಗೂ ಬಡಿಸ್ದೆ. ಆವಾಗ ಗೊತ್ತಿರ್ಲಿಲ್ಲ. ಈಗ ಈ ಮಗೀನ ಎಲೆಗೆ ಹಾಕಕ್ಕೆ ನನ್ ಕೈ ಬರಲ್ಲ. ಅವಳ ಎಲೆ ದಾಟಿ ನಿಮ್ಮ ಎಲೆಗೆ ಬರಕ್ಕೆ ಕಾಲೂ ಬರಲ್ಲ.’

ಇನ್ನೇನು ಯಾರಾದರೂ ಏಳುತ್ತಾರೆ ಎಂದುಕೊಂಡೆ. ಆ ಹಿರಿಯರು ಒಂದು ಗಳಿಗೆ ಅಕ್ಕನ ಮುಖ ನೋಡಿದರು, ಕಮಲಿಯ ಕಡೆ ನೋಡಿದರು. ಆಮೇಲೆ ಗುಳಿಯನ್ನು ಬೆರಳಿನಿಂದ ಮುಚ್ಚಿ, ‘ಸಾರಾದ್ರೂ ಐತೋ, ಅದೂ ಇಲ್ವೋ?’ ಎಂದರು. ಇಡೀ ಸಾಲು ನಕ್ಕಿತು. ಕಮಲಿ ಎಲೆಯ ಮೇಲಿಂದ ಕೈ ತೆಗೆದಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು ಕೂಡ.

ತುಪ್ಪವಿಲ್ಲದ ಹೊಸಕ್ಕಿ ಅನ್ನ ಹೇಗಿರುತ್ತದೆ ಎಂದು ಕೇಳಬೇಡಿ. ಚೆನ್ನಾಗಿರುವುದಿಲ್ಲ. ಆದರೂ ಅವತ್ತು ನಾನು ತಿಂದಷ್ಟು ತೃಪ್ತಿಯಿಂದ ಯಾವ ಹಬ್ಬದಲ್ಲೂ ತಿಂದಿಲ್ಲ. ಆ ಸಾಲಿನಲ್ಲಿ ಕೂತು ಉಂಡ ಒಬ್ಬೊಬ್ಬರ ಋಣವೂ ನಮ್ಮ ಮೇಲಿದೆ.

ಕಮಲಿಯ ರಕ್ತನಾಳಗಳು ಮುಂದೆ ಹೇಗಿರುತ್ತವೋ ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಅವಳು ತೋಟದ ಏರು ಹತ್ತುತ್ತಾಳೆ, ಹಿಂದೆ ಬೀಳುವವನು ನಾನು. ಅಷ್ಟಕ್ಕೇ ದೇವರಿಗೆ ದಿನಾ ಕೈ ಮುಗಿಯುತ್ತಿದ್ದೇನೆ.

ತಾತನಿಂದ, ಅಪ್ಪನಿಂದ ಈ ಮಗುವಿಗೆ ಏನು ಬಂತು ಎಂದು ಡಾಕ್ಟರು ಹೇಳಿದರು. ಅಜ್ಜಿಯಿಂದ ಏನು ಬಂತು ಎಂದು ಯಾರು ಹೇಳುತ್ತಾರೆ?