ಊರು ಕಟ್ಟುತ್ತಿದ್ದ ಮೇಡಂ

ನಮ್ಮ ಕಂಪ್ಯೂಟರ್ ಮೇಡಂ ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಚಿಕ್ಕಂದಿನಲ್ಲಿ ಒಲೆಯ ಬೆಂಕಿಗೆ ಬೆಂದ ಬಲಗೈಯ ಮೂರು ಬೆರಳುಗಳು ಒಂದಕ್ಕೊಂದು ಕೂಡಿ, ನುಣುಪಾಗಿ ಹೊಳೆಯುತ್ತಿದ್ದವು. ಆ ಕೈಯನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ರಾಣೆಬೆನ್ನೂರಿನ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ತರಬೇತಿ ಕೇಂದ್ರ, ಏಳು ಕಂಪ್ಯೂಟರು. ಬಿ.ಕಾಂ. ಓದುತ್ತಿದ್ದ ನಾನು ಕುಪ್ಪೇಲೂರಿನಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕಲಿಯುತ್ತಿದ್ದೆ. ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಒಂದು ತಾಸು ಆಟಕ್ಕೆ ಬಿಡುತ್ತಿದ್ದರು. ಎಲ್ಲರೂ ಆಡುತ್ತಿದ್ದುದು ಒಂದೇ, ಬಂದೂಕಿನ ಆಟ. ಎರಡು ತಂಡವಾಗಿ ಪರದೆಯ ಮೇಲೆ ಗುಂಡು ಹಾರಿಸುತ್ತ ಹೋ ಎಂದು ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ. ಆ ಕತ್ತಲೆ ಸಂದಿಗಳಲ್ಲಿ ಓಡುವಾಗ ತಲೆ ಸುತ್ತುತ್ತಿತ್ತು. ಹಳ್ಳಿಯವಳು ಅಂಜಿದಳು ಅಂದಾರೆಂದು ಅದನ್ನು ಯಾರಿಗೂ ಹೇಳಲಿಲ್ಲ.

ಮೇಡಂ ಮಾತ್ರ ಮೂಲೆಯಲ್ಲಿ ಕುಳಿತು ಊರು ಕಟ್ಟುವ ಆಟ ಆಡುತ್ತಿದ್ದರು. ರಸ್ತೆ ಹಾಕುವುದು, ಶಾಲೆ ಇಡುವುದು, ತಪ್ಪೆನಿಸಿದರೆ ಇಡೀ ಓಣಿ ಕೆಡವಿ ಮತ್ತೆ ಶುರು ಮಾಡುವುದು. "ನಮ್ಮೂರಾಗ ಒಂದ ಕಲ್ಲು ಸರಸಾಕ ಆಗೂದಿಲ್ಲ. ಇಲ್ಲೆರ ಸರಸೋಣು," ಎನ್ನುತ್ತಿದ್ದರು.

ಒಂದು ಶನಿವಾರ ನಮ್ಮ ಜೊತೆಗಾರನೊಬ್ಬ ಪಕ್ಕದವನಿಗೆ, "ಆ ಕೈಲೆ ಮೇಡಂಗ ಬಂದೂಕ ಎಲ್ಲಿ ಬರಬೇಕಲೇ," ಎಂದದ್ದು ಅವರ ಕಿವಿಗೆ ಬಿತ್ತು. ಮೇಡಂ ಎದ್ದು ಬಂದು, "ಸರಿ ಅತ್ತಾಗ," ಎಂದು ಅವನ ಕುರ್ಚಿಯಲ್ಲಿ ಕುಳಿತರು. ಹತ್ತು ನಿಮಿಷದಲ್ಲಿ ಎದುರು ತಂಡದವರು ಒಬ್ಬರೂ ಉಳಿಯಲಿಲ್ಲ. ಆ ತಂಡದಲ್ಲಿ ಮೊದಲು ಸತ್ತು ಬಿದ್ದವಳು ನಾನೇ.

"ಬರ್ತದಪಾ," ಎಂದರು ಮೇಡಂ, ಏಳುತ್ತ. "ಹಿಡಸೂದಿಲ್ಲ. ಬರೂದು ಬ್ಯಾರೆ, ಹಿಡಸೂದು ಬ್ಯಾರೆ. ನೀವು ಆಡ್ರಿ, ನಾ ಏನ್ ಬ್ಯಾಡ ಅನ್ನೂದಿಲ್ಲ."

ನನ್ನ ಹತ್ತಿರ ಹಾಯುವಾಗ ನಿಂತರು. "ನಿನಗರ ಇದು ಖರೇ ಹಿಡಸ್ತದೇನವಾ?"

"ಇಲ್ರಿ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದಿತ್ತು.

"ಹಂಗಾರ ಎದ್ದು ಬಾ. ಯಾರು ಬೈತಾರ?"

ಅಂದಿನಿಂದ ಅವರ ಪಕ್ಕದಲ್ಲಿ ಕುಳಿತೆ. ನೋಡುತ್ತ ನೋಡುತ್ತ ನಕ್ಷೆಯ ಹುಚ್ಚು ಹತ್ತಿತು. ಪದವಿ ಮುಗಿದಾಗ ಮನೆಯಲ್ಲಿ ಬ್ಯಾಂಕಿನ ಪರೀಕ್ಷೆ ಬರಿ ಎಂದು ಹಟ ಹಿಡಿದರು. "ಲೆಕ್ಕ ಅಷ್ಟು ಚಲೋ ಬರ್ತದ ನಿನಗ," ಎಂದರು ಅಪ್ಪ. "ಬರ್ತದ ಅಪ್ಪಾ, ಹಿಡಸೂದಿಲ್ಲ," ಎಂದುಬಿಟ್ಟೆ. ಅಪ್ಪ ಎಂಟು ದಿನ ಮಾತು ಬಿಟ್ಟರು. ಕೊನೆಗೆ ಅವರೇ ಹಾವೇರಿಗೆ ಕರೆದೊಯ್ದು, ಮನೆ ನಕ್ಷೆ ಬರೆಯುವ ಕೆಲಸ ಕಲಿಯಲು ಒಬ್ಬ ಇಂಜಿನಿಯರರ ಹತ್ತಿರ ಬಿಟ್ಟುಬಂದರು.

ಕೆಲವು ವರ್ಷಗಳಲ್ಲಿ ಮೇಡಂ ಕಾಯಿಲೆ ಬಿದ್ದು, ಕೇಂದ್ರ ಮುಚ್ಚಿ, ಬ್ಯಾಡಗಿಯ ತಮ್ಮನ ಮನೆ ಸೇರಿದರು. ನಾನು ಮೊದಲ ಬಾರಿ ಒಬ್ಬಳೇ ಬರೆದ ನಕ್ಷೆಯನ್ನು ಅವರಿಗೆ ಒಯ್ದು ತೋರಿಸಿದೆ; ಕರ್ಜಗಿಯ ಒಂದು ಮನೆಯದು. ಹಾಸಿಗೆಯಲ್ಲೇ ಎದ್ದು ಕುಳಿತು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಕಾದೆ.

"ಬಚ್ಚಲ ನೀರು ಎಲ್ಲಿ ಹೋಗ್ತದವಾ?"

ಅದನ್ನು ನಾನು ಬರೆದೇ ಇರಲಿಲ್ಲ. ಮಂಚದ ಅಂಚಿನಲ್ಲೇ ಹಾಳೆ ಹರವಿಕೊಂಡು, ಹಿತ್ತಲಿನ ಬಾಳೆ ಗಿಡಗಳವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.

"ಈಗ ಮನಿ ಆತು ನೋಡು," ಎಂದು ದಿಂಬಿಗೆ ಒರಗಿದರು.

ಆ ಮನೆಯ ಬುನಾದಿ ತೆಗೆಯುವ ದಿನ ಅವರು ತೀರಿಕೊಂಡ ಸುದ್ದಿ ಬಂತು. ಮುಂದೆ ಗೃಹಪ್ರವೇಶಕ್ಕೆ ಹೋದವಳು ಊಟಕ್ಕೆ ಕೂಡುವ ಮೊದಲೇ ಬಚ್ಚಲಿಗೆ ಒಂದು ಕೊಡ ನೀರು ಸುರಿದು, ಹಿತ್ತಲಿಗೆ ಬಂದು, ಅದು ಬಾಳೆಯ ಬುಡ ಮುಟ್ಟುವವರೆಗೆ ನಿಂತು ನೋಡಿದೆ.