ರಾಜ್ಯ ಸುಡುವಾಗ ನಾನು ಕಪ್ಪೆ ಓಡಿಸಿದ್ದು

ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಮಿನ ಬಟನ್ ಒತ್ತುವ ನನ್ನ ಹೆಬ್ಬೆರಳಿಗಿರುವ ಮರ್ಯಾದೆ ಅಸೋಸಿಯೇಷನ್ ಅಧ್ಯಕ್ಷರಿಗೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಅಪಾರ್ಟ್‌ಮೆಂಟಿನ ದುರದೃಷ್ಟ. ದೊಮ್ಮಲೂರಿನ ಅಕ್ಕನಿಗೆ, ಅಂದರೆ ದೊಡ್ಡಮ್ಮನ ಮಗಳಿಗೆ, ಆಫೀಸು ಸೇರಿದ ಮೇಲೆ ಗೇಮೆಲ್ಲ ಚಿಕ್ಕಮಕ್ಕಳಾಟ ಎಂದು ಜ್ಞಾನೋದಯವಾಯಿತು. ತನ್ನ ಗೇಮ್ ಕನ್ಸೋಲ್ ತಂದು ನಮ್ಮ ಟೀವಿಗೆ ಸಿಕ್ಕಿಸಿದಳು.

“ದಸರಾ ರಜ ಮುಗಿಯೋಷ್ಟ್ರಲ್ಲಿ ಈ ಗೇಮ್ ಮುಗಿಸ್ಬಿಟ್ರೆ ಕನ್ಸೋಲ್ ನಿಂದೇ. ಇಲ್ಲಾಂದ್ರೆ ಕುಕ್ ಟೌನಲ್ಲಿರೋ ನನ್ನ ಫ್ರೆಂಡ್ ತಮ್ಮನಿಗೆ.”

ಆ ತಮ್ಮನನ್ನು ನೋಡಿದ್ದೇನೆ. ಆಡುವ ಮೊದಲು ನಿಯಮ ಓದುವ ಪೈಕಿ.

ಗೇಮಿನ ಕತೆ ಸುಲಭ: ರಾಕ್ಷಸ ರಾಜ್ಯ ಸುಡುತ್ತಿದ್ದಾನೆ, ನನ್ನ ವೀರ ಹೋಗಿ ಅವನನ್ನು ಕೊಲ್ಲಬೇಕು. ಆದರೆ ಮೊದಲ ಊರಿನ ಹೆಂಡದಂಗಡಿಯ ಮೂಲೆಯಲ್ಲಿ ಇನ್ನೊಂದು ಗೇಮ್ ಪೆಟ್ಟಿಗೆ ಇತ್ತು. ವೀರ ಅದರ ಮುಂದೆ ಕೂತರೆ ಪರದೆ ತುಂಬ ಹಳ್ಳ ಹಾರುವ ಕಪ್ಪೆಗಳ ಓಟ. ನನ್ನ ಕಪ್ಪೆ ಸೋತಿತು. ಕಪ್ಪೆಗಳೆದುರು ಮಾನ ಕಳೆದುಕೊಂಡು ರಾಜ್ಯ ಉಳಿಸಲು ಹೋಗುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಹೆಂಡದಂಗಡಿಯವನು ಆಗಾಗ ಬಂದು ಇಂಗ್ಲಿಷಿನಲ್ಲಿ ಕೆಣಕುತ್ತಿದ್ದ. ಅವನು ನಮ್ಮ ಶಿವಾಜಿನಗರದವನಾಗಿದ್ದರೆ ಅದು ಹೀಗಿರುತ್ತಿತ್ತು: “ಏನ್ ಗುರು, ಆಚೆ ಬೆಂಕಿ ಬಿದ್ದಿದೆ, ನಿಂದಿನ್ನೂ ಕಪ್ಪೆನಾ?” ಕೂತಲ್ಲೇ ವೀರನಿಗೆ ಗಡ್ಡ ಬೆಳೆಯಿತು. ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿತು. ಇದೊಂದು ಮಾತ್ರ ನನ್ನ ಉತ್ಪ್ರೇಕ್ಷೆಯಲ್ಲ. ಗೇಮ್ ಮಾಡಿದವರೇ ನನ್ನಂಥವರಿಗೆಂದು ಇಟ್ಟಿದ್ದ ಕುಹಕ.

ಕಪ್ಪೆ ಓಟದ ಕೊನೆಯ ಹಂತದಲ್ಲಿ ಕಪ್ಪೆಯ ಮನೆಯಲ್ಲೂ ಒಂದು ಟೀವಿ! ಅದರೊಳಗೆ ಸೋಫಾ ಮೇಲೆ ಗೇಮ್ ಆಡುವ ಹುಡುಗ, ಅವನ ಹಿಂದೆ ಪೊರಕೆ ಹಿಡಿದ ಅಮ್ಮ. ನಾನು ಬಿದ್ದು ಬಿದ್ದು ನಕ್ಕೆ.

“ಅಯ್ಯೋ ಪಾಪ,” ಎಂದಳು ನನ್ನ ಅಮ್ಮ, ಹಿಂದಿನಿಂದ ಸೋಫಾ ಕೆಳಗೆ ಪೊರಕೆ ತೂರಿಸುತ್ತ. “ಅವಳಿಗೂ ಇಂಥದ್ದೇ ಹುಟ್ಟಿದೆ. ಕಾಲೆತ್ತೋ.”

ರಜೆಯ ಕೊನೆಯ ದಿನ ಅಕ್ಕ ಬಂದಾಗ ನಾನು ಕಪ್ಪೆ ಚಕ್ರವರ್ತಿ. ಚಿನ್ನದ ಕಿರೀಟ ತೋರಿಸಿದೆ. ಅವಳು ಗೇಮಿನ ನಕ್ಷೆ ತೆರೆದಳು. ವೀರ ಮೊದಲ ಊರನ್ನೇ ದಾಟಿರಲಿಲ್ಲ.

“ಲೋ, ರಾಕ್ಷಸ ಎಲ್ಲೋ?”

“ಅವ್ನು ಕಾಯ್ತಾನೆ ಬಿಡಕ್ಕಾ. ಒಳಗಿನ ಗೇಮ್ ಮುಗಿಸಿದೀನಲ್ಲ!”

“ಹಂಗಾದ್ರೆ ಒಳಗಿನ ಪೆಟ್ಟಿಗೆ ನೀನಿಟ್ಕೋ. ಹೊರಗಿಂದು ಕುಕ್ ಟೌನ್‌ಗೆ.”

ವೈರು ಕೀಳಲು ಬಗ್ಗಿದವಳು ಪರದೆ ನೋಡಿ ಹಾಗೇ ನಿಂತಳು. “ಈ ಕಪ್ಪೆ ಯಾಕಿಷ್ಟು ಸೋಂಬೇರಿ? ಕೊಡಿಲ್ಲಿ, ಒಂದೇ ಒಂದ್ಸಲ.”

ಅವಳ ಕಪ್ಪೆ ಸೋತಿತು. ಕೊನೆಯ ಹಳ್ಳಕ್ಕೆ ಬಿದ್ದು ಮತ್ತೆ ಸೋತಿತು. ಅಮ್ಮ ಊಟಕ್ಕೆ ಕರೆದು ಕರೆದು ಸುಸ್ತಾದಳು. ಕುಕ್ ಟೌನಿನ ಫ್ರೆಂಡ್ ಫೋನ್ ಮಾಡಿದಾಗ ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: “ಇಲ್ಲ ಕಣೇ, ಈಗ ಕೊಡಕ್ಕಾಗಲ್ಲ. ಏನೋ ರಿಪೇರಿ ಇದೆ.”

ಸಂಜೆ ಕನ್ಸೋಲನ್ನು ಚೀಲಕ್ಕೆ ತುಂಬಿಕೊಂಡು ದೊಮ್ಮಲೂರಿಗೆ ಹೊರಟಳು. ಲಿಫ್ಟಿನೊಳಗೆ ನಿಂತು ತಿರುಗಿದಳು.

“ಕೊನೇ ಹಳ್ಳ ಹೆಂಗೋ ದಾಟೋದು?”

“ಕನ್ಸೋಲ್ ಕೊಡು, ಹೇಳ್ತೀನಿ.”

ಬಾಗಿಲು ಮುಚ್ಚಿತು. ಅವಳು ಈಗಲೂ ಆ ಹಳ್ಳಕ್ಕೆ ಬೀಳುತ್ತಲೇ ಇದ್ದಾಳೆ ಎಂದು ದೊಡ್ಡಮ್ಮ ಹೇಳುತ್ತಾರೆ. ನಾನಂತೂ ಹೇಳಿಕೊಟ್ಟಿಲ್ಲ.