ಮೂರು ಪಾತಿಗಳು ಮತ್ತು ಮಾವನ ಬಲಗಾಲು

ಫೆಬ್ರವರಿ ಒಂಬತ್ತು, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಶುರು ಮಾಡಿದೆ. ಸಿದ್ದಾಪುರ ತಾಲೂಕಿನ ಹಿನ್ನೀರಿನ ದಡದಲ್ಲಿ, ಸೋದರಮಾವನ ಮನೆಯ ಕೆಳಗೆ, ಮೂರು ಪಾತಿಗಳನ್ನು ಸಾಲಾಗಿ ಇಟ್ಟಿದ್ದೆವು. ಪಾತಿ ಎಂದರೆ ಒಬ್ಬನೇ ಕೂತು ಬಲೆ ಬಿಡುವ ಚಿಕ್ಕ ದೋಣಿ. ಅದರಲ್ಲಿ ಕೂರಲು ಅಡ್ಡಹಲಗೆ ಇರುವುದಿಲ್ಲ, ತಳದಲ್ಲೇ ಕಾಲು ಮಡಚಿ ಕೂರಬೇಕು.

ಮಾವನಿಗೆ ಒಂದನ್ನು ಆರಿಸಬೇಕಿತ್ತು. ಎರಡು ವರ್ಷದ ಹಿಂದೆ ಕಡಿದಾದ ದರೆಯಿಂದ ಜಾರಿ ಬಿದ್ದ ಮೇಲೆ ಅವರ ಬಲಮಂಡಿ ಸರಿಯಾಗಿ ಮಡಚುವುದಿಲ್ಲ. ಆಮೇಲೆ ನೀರಿಗೆ ಹೋಗಿದ್ದೆಲ್ಲ ಬೇರೆಯವರ ದೊಡ್ಡ ದೋಣಿಯಲ್ಲಿ, ಎರಡನೆಯವರಾಗಿ. ಬಲೆ ಎಲ್ಲಿ ಬಿಡಬೇಕೆಂದು ಇನ್ನೊಬ್ಬರು ಹೇಳಬೇಕು, ಇವರು ಬಿಡಬೇಕು. ಮತ್ತೆ ಒಬ್ಬರೇ ಹೋಗಲು ಆಗುತ್ತದೆಯೇ ಎಂಬುದು ಅವತ್ತು ಗೊತ್ತಾಗಬೇಕಿತ್ತು.

ಮೊದಲನೆಯದು ಬಿಳಗಿ ಕಡೆಯ ಅಜ್ಜನೊಬ್ಬ ಮಾವನಿಗೆಂದೇ ಮಾಡಿದ್ದು. ಒಂದೇ ಮಾವಿನ ದಿಮ್ಮಿ, ಒಳಗೆಲ್ಲ ಬಾಚಿಯ ಗುರುತು. ಅಜ್ಜನೂ ಅವತ್ತು ಬಂದಿದ್ದ. ಎರಡನೆಯದು ಶಿರಸಿಯ ಬಡಗಿಯದು. ಬಾಗಿಲವಾಡ, ಮಂಚ ಮಾಡುವವರು ಹಲಗೆ ಜೋಡಿಸಿ ಮಾಡಿದ್ದರು. ಒಂದು ವಾರ ನೋಡಿ ಎಂದು ಕೊಟ್ಟಿದ್ದನ್ನು ನಾನೇ ಟೆಂಪೋದಲ್ಲಿ ತಂದಿದ್ದೆ. ಮೂರನೆಯದು ಫೈಬರಿನದು. ಯಲ್ಲಾಪುರದಲ್ಲಿ ಲಾರಿ ಬಾಡಿ ಕಟ್ಟುವ ಸಾಹೇಬರು ಮಾಡಿ, ಸ್ವತಃ ಹೇರಿಕೊಂಡು ಬಂದಿದ್ದರು. ಹಳೆಯ ಮರದ ಪಾತಿಯ ಮೇಲೆ ಅಚ್ಚು ತೆಗೆದದ್ದರಿಂದ ಅದರ ತೇಪೆ, ಮೊಳೆಯ ತಲೆಗಳೂ ಫೈಬರಿನಲ್ಲಿ ಮೂಡಿದ್ದವು.

"ತೇಪೆ ಎಂತಕ್ಕೆ ಸಾಹೇಬ್ರೇ?" ಎಂದರು ಮಾವ.

"ಅದು ಡಿಸೈನ್ ರೀ ಮಾಮಾ. ಬೇಕಂದ್ರ ಹಿಂದ ಹಾರ್ನ್ ಪ್ಲೀಸ್ ಅಂತನೂ ಬರಸ್ತೇನಿ."

"ಬರ್ಸಿ, ಬರ್ಸಿ. ಮೀನು ಓದ್ಕಂಡು ಬದಿಗೆ ಸರೀತವೆ," ಎಂದ ಬಿಳಗಿಯ ಅಜ್ಜ.

ನನ್ನ ಪಟ್ಟಿಯಲ್ಲಿ ನಾಲ್ಕು ಸಾಲು. ಎತ್ತಲು ಬೇಕಾದ ಜನ: ಬಿಳಗಿಯದಕ್ಕೆ ಮೂವರು, ಶಿರಸಿಯದಕ್ಕೆ ಇಬ್ಬರು, ಯಲ್ಲಾಪುರದ್ದಕ್ಕೆ ಒಬ್ಬ. ಅರ್ಧ ಗಂಟೆಯಲ್ಲಿ ಒಳಗೆ ಒಸರಿದ ನೀರು: ಶಿರಸಿಯದರಲ್ಲಿ ಹನ್ನೊಂದು ತೆಂಗಿನ ಚಿಪ್ಪಿನಷ್ಟು, ಉಳಿದೆರಡರಲ್ಲಿ ಇಲ್ಲ. ಎದುರಿನ ಬೋಳುಮರಕ್ಕೆ ನೇರವಾಗಿ ಹುಟ್ಟು ಹಾಕಿದಾಗ ಗಾಳಿಗೆ ಹೆಚ್ಚು ಸರಿದದ್ದು ಯಲ್ಲಾಪುರದ್ದು. ಕೊನೆಯ ಸಾಲು ಮುಖ್ಯವಾದದ್ದು. ಒಳಗೆ ಕೂತು ಒದ್ದೆ ಬಲೆಯನ್ನು ಹತ್ತು ಸಲ ಎಳೆದೆ. ಅಂಚಿನ ಮೇಲಿಂದ ನೀರು ಬಂದದ್ದು ಶಿರಸಿಯದರಲ್ಲಿ ಎರಡು ಸಲ, ಯಲ್ಲಾಪುರದ್ದರಲ್ಲಿ ನಾಲ್ಕು ಸಲ. ಬಿಳಗಿಯದರಲ್ಲಿ ಒಮ್ಮೆಯೂ ಇಲ್ಲ. ಒಂಬತ್ತೂ ಮುಕ್ಕಾಲಿಗೆ ಬಿಳಗಿಯದಕ್ಕೆ ಟಿಕ್ ಹಾಕಿ ಮಾವನನ್ನು ಕರೆದೆ.

ಮಾವ ಕೂತರು. ಚಾಚಿದ ಬಲಗಾಲು ಮುಂದೆ ಕಿರಿದಾಗುವ ಕಡೆ ತಾಗಿ, ಸೊಂಟ ಎಡಕ್ಕೆ ಜರುಗಿತು. ಬಲೆಯನ್ನು ಎರಡನೇ ಸಲ ಎಳೆಯುವಾಗ ಎಡ ಅಂಚು ನೀರಿನೊಳಗೆ ಹೋಯಿತು. ಸೊಂಟದಷ್ಟೇ ನೀರಿದ್ದ ಜಾಗ. ಮಾವ ಎದ್ದು ಬಂದು ಅಂಗಿ ಹಿಂಡಿಕೊಂಡರು.

ಅಜ್ಜ ನನ್ನನ್ನು ನೋಡಿದ. "ಅಳತೆಗೆ ಬಂದವ ನೀನಲ್ಲನಾ?"

ಹೌದು. ಆ ಅಜ್ಜ ಟೇಪು ಹಿಡಿಯುವುದಿಲ್ಲ. ದಿಮ್ಮಿಗೆ ಬಾಚಿ ಹಾಕುವ ಮೊದಲು ಅಂಗಳದಲ್ಲಿ ಬೂದಿ ಹರಡಿ, ಪಾತಿ ಬೇಕಾದವರನ್ನು ಅದರ ಮೇಲೆ ಬಲೆ ಎಳೆಯುವ ಹಾಗೆ ಕೂರಿಸಿ, ಸುತ್ತ ಕೋಲಿನಿಂದ ಗೀರುತ್ತಾನೆ. ಆ ಗೀರೇ ತಳದ ಅಳತೆ. ನವೆಂಬರಿನಲ್ಲಿ ಮಾವ, "ಇಬ್ರೂ ಒಂದೇ ಎತ್ತರ, ನೀನೇ ಕೂತ್ಕಂಡು ಬಾ," ಎಂದು ನನ್ನನ್ನು ಕಳಿಸಿದ್ದರು. ನಾನು ಆರಾಮವಾಗಿ ಚಕ್ಕಳಮಕ್ಕಳ ಹಾಕಿ ಕೂತು ಬಂದಿದ್ದೆ. ಇಪ್ಪತ್ತೆರಡು ನಿಮಿಷ ಹಿಡಿಯಿತೆಂದು ಡೈರಿಯಲ್ಲಿದೆ. ಕಾಲಿನ ವಿಷಯ ಇಲ್ಲ. ನನ್ನ ಮೈಗೆ ಕೊರೆದ ಪಾತಿಯಲ್ಲಿ ನಾನೇ ಕೂತು ಪರೀಕ್ಷೆ ಮಾಡಿದರೆ ಸೊನ್ನೆ ಬರದೆ ಇನ್ನೇನು ಬಂದೀತು? ನಾಲ್ಕನೆಯ ಸಾಲನ್ನು ಹೊಡೆದು ಹಾಕಿದೆ.

"ಕಾಲು ಮಡಚೂದಿಲ್ಲ ಅನ್ನೂಕೆ ಎಂತ ನಾಚ್ಕೆ ಮಾರಾಯ? ನಾ ಎಂತ ನಿಂಗೆ ಹೆಣ್ಣು ಕೊಡೂಕೆ ಬಂದಿದ್ನಾ?" ಎಂದು ಅಜ್ಜ ಮಾವನನ್ನು ತರಾಟೆಗೆ ತೆಗೆದುಕೊಂಡ.

"ಹೇಳಿದ್ರೆ ಪಾತಿ ಮಾಡಿ ಕೊಡೂದಿಲ್ಲ ಅಂತಿದ್ದೆ ನೀನು."

"ಅಂತಿದ್ದೆ. ಒಂದ್ಸಲ ಅಂದು, ಆಮೇಲೆ ಮಾಡ್ತಿದ್ದೆ."

ಮಾವನನ್ನು ಮರಳಿನ ಮೇಲೆ ಕೂರಿಸಿ ಹೊಸದಾಗಿ ಗೀರಿದ. ಬಲಮುಂದಿನ ಬದಿಯಲ್ಲಿ ನಾಲ್ಕು ಬೆರಳು ಹೆಚ್ಚು ಜಾಗ ಬೇಕಿತ್ತು. ಶಿರಸಿಯದರಲ್ಲಿ ಕಾಲು ಹಿಡಿಸಿತು, ಆದರೆ ಒಂದು ಕೈ ಬಲೆಯಲ್ಲಿದ್ದಾಗ ನೀರು ತೋಡುವುದು ಕಷ್ಟ. ಸಾಹೇಬರು, "ಅಗಲ ಮಾಡಿ ಕೊಡ್ತೇನ್ರಿ. ಹೊಸಾ ಅಚ್ಚು ಬೇಕು, ಮಳಿಗಾಲ ದಾಟ್ತೈತಿ," ಎಂದರು. ಮಾವ ಅಷ್ಟು ದಿನ ಕಾಯಲು ಒಪ್ಪಲಿಲ್ಲ.

ಉಳಿದದ್ದು ಬಿಳಗಿಯದನ್ನೇ ಒಳಗಿನಿಂದ ಇನ್ನಷ್ಟು ಕೆತ್ತುವುದು. ಬಲಮುಂದೆ ಅಜ್ಜ ಮರ ದಪ್ಪ ಬಿಟ್ಟಿದ್ದ. ಸಣ್ಣ ತೂತು ಕೊರೆದು, ಕಡ್ಡಿ ತೂರಿಸಿ ದಪ್ಪ ನೋಡಿ, ಬೆಣೆ ಬಡಿದು ತೂತು ಮುಚ್ಚಿದ. "ಕಾಲಿಗೆ ಜಾಗ ಆಗೂ ಅಷ್ಟು ತೆಗೆದ್ರೆ ಬೆರಳು ದಪ್ಪನೂ ಉಳಿಯೂದಿಲ್ಲ. ಎಷ್ಟು ಮಳೆಗಾಲ ತಡೀತದೆ ಅಂತ ಕೇಳ್ಬೇಡ."

"ಕೇಳಿದ್ನಾ ಈಗ? ಕೆತ್ತು," ಎಂದರು ಮಾವ.

ಎರಡು ದಿನ ಕೆತ್ತಿದ. ಫೆಬ್ರವರಿ ಇಪ್ಪತ್ತರಿಂದ ಇವತ್ತಿನವರೆಗೆ ಮಾವ ಒಬ್ಬರೇ ಮೂವತ್ತೊಂದು ಸಲ ಹೋಗಿ ಬಂದಿದ್ದಾರೆ. ಅಂಚಿನ ಮೇಲೆ ನೀರು ಬಂದದ್ದು ಮೂರು ಸಲ. ಬಲೆ ಎಲ್ಲಿ ಬಿಟ್ಟಿರೆಂದು ಕೇಳಿದರೆ ನನಗೂ ಹೇಳುವುದಿಲ್ಲ.

ಏಪ್ರಿಲ್ ಎರಡರಂದು ತೆಳುವಾದ ಕಡೆ ಕೂದಲೆಳೆಯಂಥ ಬಿರುಕು ಕಂಡಿತು. ಅಜ್ಜ ರಾಳ ಕಾಸಿ ತುಂಬಿದ್ದಾನೆ. ಅದರಾಚೆ ಏನು ಮಾಡಬೇಕೆಂದು ಅವನಿಗೂ ಗೊತ್ತಿಲ್ಲ, ಇಂಥ ಕಾಲಿಗೆ ಅವನು ಪಾತಿ ಮಾಡಿದ್ದು ಇದೇ ಮೊದಲು. ಒಳಗಿನಿಂದ ಮರದ ಪಟ್ಟಿ ಕೊಟ್ಟು ಬಿಗಿ ಮಾಡಬಹುದೇ, ಕೊಟ್ಟರೆ ಕಾಲಿಗೆ ಜಾಗ ಉಳಿಯುತ್ತದೆಯೇ? ತಿಳಿದವರು, ಇಂಥ ಪಾತಿಯನ್ನು ಮಾಡಿದವರು ಅಥವಾ ನೋಡಿದವರು, ಮಳೆ ಹಿಡಿಯುವುದರೊಳಗೆ ದಯವಿಟ್ಟು ಬರೆದು ತಿಳಿಸಿ. ಬಿರುಕು ಈಗ ಒಂದೂವರೆ ಗೇಣು ಉದ್ದ ಇದೆ, ಬಲಮುಂದಿನ ಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ.